ಅಕ್ಕಯಮ್ಮನವರ ಎರಡನೆಯ ಮಗಳು

ಮದ್ರಾಸಿನ ಸೆಂಟ್ರಲ್ ಸ್ಟೇಷನ್ನಿನ ಕೂಲಿಗಳನ್ನು ಬೇಸ್ತು ಬೀಳಿಸಿದ ಹೆಂಗಸನ್ನು ನಾನು ಕಂಡಿರುವುದು ಒಬ್ಬರನ್ನೇ. ಬೆಂಗಳೂರಿನ ರೈಲು ಬಂದು ನಿಂತಾಗ ಬೋಗಿಯ ಬಾಗಿಲಲ್ಲಿ ಮೊದಲು ಕಾಣಿಸುತ್ತಿದ್ದದ್ದು ಒಂದು ಬಿಳಿ ಪಂಚೆಯ ಗಂಟು. ಬಾಗಿಲಿಗೆ ಹಿಡಿಸದಷ್ಟು ದೊಡ್ಡದು. ಹಿಂದಿನಿಂದ ಯಾರೋ ಅದನ್ನು ಗುದ್ದಿ, ಒತ್ತಿ, ಹೊರಕ್ಕೆ ದೂಡಿದ ಮೇಲೆ ಗಂಟಿನ ಅರ್ಧದಷ್ಟೂ ಇಲ್ಲದ ಒಬ್ಬ ಮುದುಕಿ ಇಳಿಯುತ್ತಿದ್ದರು. ಕೂಲಿಗಳು ಮುತ್ತಿಕೊಂಡು, ಇಬ್ಬರು ಹೊರಬೇಕು, ಗಾಡಿಯೇ ಬೇಕು ಎಂದು ತಮಿಳಿನಲ್ಲಿ ಬೆಲೆ ಕೂಗುತ್ತಿದ್ದರು. ಅಕ್ಕಯಮ್ಮನವರು ಎಲ್ಲವನ್ನೂ ಗಮನವಿಟ್ಟು ಕೇಳಿ, ಅರ್ಥವಾದವರ ಹಾಗೆ ತಲೆಯಾಡಿಸಿ, ಗಂಟನ್ನು ಒಂದೇ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದುಬಿಡುತ್ತಿದ್ದರು. ಒಳಗಿದ್ದದ್ದು ಕಡ್ಲೆಪುರಿ. ಚಿಂತಾಮಣಿಯ ಅವರದೇ ಭಟ್ಟಿಯಲ್ಲಿ ಹುರಿದದ್ದು, ಡಿಸೆಂಬರ್ ರಜೆಯಲ್ಲಿರುವ ಮೊಮ್ಮಕ್ಕಳಿಗೆ.

"ಹೊರೆ ದೊಡ್ಡದಾಗಿ ಕಾಣ್ಲಿ ಬಿಡು ನಾರಾಯಣಪ್ಪ," ಎನ್ನುತ್ತಿದ್ದರು ನನಗೆ. "ಅದರ ತೂಕ ಹೊತ್ತೋಳಿಗೆ ತಾನೇ ಗೊತ್ತು."

ಹಿಂದೆ ಛತ್ರಿ ಹಿಡಿದು, ಟೋಪಿ ಸರಿಮಾಡಿಕೊಳ್ಳುತ್ತ ಅವರ ಯಜಮಾನರು ಪಾಪಣ್ಣನವರು ಬರುತ್ತಿದ್ದರು. ಅವರು ಮಾತಾಡುತ್ತಿದ್ದದ್ದು ಕಡಿಮೆ. ಭಟ್ಟಿಯ ಮುಂದೆ ಆಯುಷ್ಯ ಕಳೆದವರಿಗೆ ಬೆಂಕಿಯ ಸದ್ದೇ ಸಾಕಾಗಿರುತ್ತದೋ ಏನೋ.

ನಾನು ಹಳೆಯ ಬಾಗಿಲು ಕಿಟಕಿಗಳ ವ್ಯಾಪಾರಿ. ಚಿಂತಾಮಣಿಯಿಂದ ಬರಿಗೈಯಲ್ಲಿ ಮದ್ರಾಸಿಗೆ ಬಂದವನು. ಈ ಊರಿನಲ್ಲಿ ದೊಡ್ಡ ಬಂಗಲೆಗಳನ್ನು ಒಡೆದು ಫ್ಲಾಟು ಕಟ್ಟುವ ಕಾಲ ಬಂದಾಗ, ಎಲ್ಲರೂ ನೆಲ ನೋಡುತ್ತಿದ್ದರು, ನಾನು ತೇಗದ ಬಾಗಿಲು ನೋಡಿದೆ. ಅದರಿಂದಲೇ ಅಡ್ಯಾರಿನಲ್ಲಿ ಮನೆ ಮಾಡಿದೆ. ಮಹಡಿಯನ್ನು ಬಾಡಿಗೆಗೆ ಕೊಡುವಾಗ ನೂರು ಪ್ರಶ್ನೆ ಕೇಳುವ ನಾನು, ಊರಿನ ಕಡೆಯ ಹುಡುಗಿ ಎಂಬ ಒಂದೇ ಕಾರಣಕ್ಕೆ ಮೋಹನ ಮತ್ತು ಪದ್ಮ ದಂಪತಿಗೆ ಕೇಳಿದ ಕೂಡಲೇ ಕೊಟ್ಟೆ. ಪದ್ಮ ಈ ಅಕ್ಕಯಮ್ಮನವರ ಒಬ್ಬಳೇ ಮಗಳು. ಮೋಹನನಿಗೆ ಮಣಲಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ.

ಎರಡನೆಯ ಹೆರಿಗೆಯಾದ ಸ್ವಲ್ಪ ದಿನಕ್ಕೆ ಪದ್ಮ ಜ್ವರ ಬಂದು ತೀರಿಕೊಂಡಳು. ಹಿರಿಯವಳಾದ ಅನುವಿಗೆ ಇನ್ನೂ ಮಾತು ಕೂಡುತ್ತಿರಲಿಲ್ಲ. ಕಾರ್ತಿ ತೊಟ್ಟಿಲಲ್ಲಿದ್ದ. ವರ್ಷ ತುಂಬಿದ ಮೇಲೆ ಮೋಹನ ಮತ್ತೆ ಮದುವೆಯಾದ. ಅದರಲ್ಲಿ ತಪ್ಪು ಹುಡುಕುವವನು ನಾನಲ್ಲ. ಎರಡು ಎಳೆಗೂಸು ಇಟ್ಟುಕೊಂಡು ರಾತ್ರಿ ಪಾಳಿಗೆ ಹೋಗುವವನ ಕಷ್ಟ ಅಂಥದ್ದು. ಬಂದವಳು ವಸಂತಿ. ತಾಯಿ ತಂದೆ ಇಲ್ಲದೆ, ಪೆರಂಬೂರಿನ ಅಣ್ಣನ ಮನೆಯಲ್ಲಿ ಅತ್ತಿಗೆಯ ಕೈಕೆಳಗೆ ಬೆಳೆದ ಹುಡುಗಿ. ಮದುವೆಗೆ ಮುಂಚೆ ಅವಳು ಕೇಳಿದ್ದು ಒಂದೇ: ಮಕ್ಕಳಿಗೆ ನಾನೊಬ್ಬಳೇ ಅಮ್ಮ ಎಂದು ತಿಳಿದಿರಬೇಕು, ಬೇರೊಬ್ಬಳಿದ್ದಳು ಎಂಬುದು ಗೊತ್ತೇ ಆಗಬಾರದು. ಮೋಹನ ಒಪ್ಪಿದ. ಗೋಡೆಯ ಮೇಲಿದ್ದ ಪದ್ಮಳ ಫೋಟೋ ಇಳಿಯಿತು. ಚಿಂತಾಮಣಿಗೆ ಫೋನು ಹೋಯಿತು, ಇನ್ನು ಬರಬೇಡಿ ಎಂದು.

ಬರಬೇಡಿ ಎಂದರೆ ನಿಲ್ಲುವ ಜನವೇ ಅಕ್ಕಯಮ್ಮ? ಅನುವನ್ನು ಶಿಶುವಿಹಾರಕ್ಕೆ ಸೇರಿಸಿದ್ದಾರೆ, ಡಿಸೆಂಬರಿನಲ್ಲಿ ರಜೆ ಕೊಡುತ್ತಾರೆ ಎಂಬುದನ್ನು ಯಾರಿಂದಲೋ ತಿಳಿದುಕೊಂಡು ಗಂಡನನ್ನೂ ಗಂಟನ್ನೂ ಕಟ್ಟಿಕೊಂಡು ಬಂದಿಳಿದರು. ಮೇಲೆ ವಸಂತಿ ಬಾಗಿಲು ತೆರೆಯಲಿಲ್ಲ. ಇಬ್ಬರೂ ಇಳಿದು ಬಂದು ನನ್ನ ಜಗಲಿಯಲ್ಲಿ ಒರಗಿಸಿಟ್ಟಿದ್ದ ಬಾಗಿಲುಗಳ ನಡುವೆ ಕೂತರು. ಮೇಲಿಂದ ಮಗುವಿನ ಅಳು ಕೇಳಿದಾಗಲೆಲ್ಲ ಪಾಪಣ್ಣನವರು ತಲೆ ಎತ್ತುತ್ತಿದ್ದರು.

"ನಾರಾಯಣಪ್ಪ, ಬಾಗ್ಲು ಮಾರೋನು ನೀನು," ಎಂದರು ಅಕ್ಕಯಮ್ಮ. "ನಂಗೊಂದು ಬಾಗ್ಲು ತೆಗಿಸ್ಕೊಡು."

ನಿಮಗೂ ಒಂದು ಮಾತು ಹೇಳಿಡುತ್ತೇನೆ, ಎಲ್ಲಿಯಾದರೂ ಉಪಯೋಗಕ್ಕೆ ಬಂದೀತು. ಚೌಕಾಸಿಗೆ ಕೂರುವಾಗ ಎದುರಿನವನ ಹತ್ತಿರ ಏನಿದೆ ಎಂದು ನೋಡಬೇಡಿ, ಏನಿಲ್ಲ ಎಂದು ನೋಡಿ. ವಸಂತಿಗೆ ತವರಿರಲಿಲ್ಲ. ಈ ಮುದುಕರಿಗೆ ಮಗಳಿರಲಿಲ್ಲ. ಇಷ್ಟು ಸಾಕಿತ್ತು ನನಗೆ. ಮೋಹನ ಕೆಲಸ ಮುಗಿಸಿ ಬಂದ ಮೇಲೆ ಗಂಡಹೆಂಡತಿಯನ್ನು ಕೆಳಗೆ ಕರೆಸಿದೆ. ಅದಕ್ಕೆ ಮೊದಲು ಅಕ್ಕಯಮ್ಮನವರಿಗೆ ಕಿವಿಮಾತು ಹೇಳಿದೆ: "ಅಳಬೇಡಿ ಅಮ್ಮ. ಅತ್ತರೆ ಅವರು ಇನ್ನೂ ಗಟ್ಟಿಯಾಗ್ತಾರೆ."

ಅವರು ಅಳಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಪುಟ್ಟ ಚಿನ್ನದ ಬೊಟ್ಟು ತೆಗೆದು ವಸಂತಿಯ ಮುಂದಿಟ್ಟರು. ನಮ್ಮ ಕಡೆ ಅದೊಂದು ಪದ್ಧತಿ. ಎರಡನೆಯವಳಾಗಿ ಬಂದವಳು ಮೊದಲನೆಯವಳ ಹೆಸರಿನಲ್ಲಿ ಒಂದು ಬೊಟ್ಟನ್ನು ತಾಳಿಯ ಜೊತೆ ಪೋಣಿಸಿಕೊಳ್ಳುತ್ತಾಳೆ. ಆಮೇಲೆ ಸತ್ತವಳ ತಾಯಿಗೆ ಅವಳೇ ಮಗಳು. ಹಬ್ಬಕ್ಕೆ ಕರೆಯುವುದು, ಸೀರೆ ಉಡಿಸುವುದು, ಬಾಣಂತನ, ಎಲ್ಲವೂ ಆ ತಾಯಿಯ ಪಾಲಿಗೇ ಬರುತ್ತದೆ.

ವಸಂತಿ ಹಾವು ಕಂಡವಳಂತೆ ಹಿಂದೆ ಸರಿದಳು. "ಅಯ್ಯೋ ವೇಂಡಾಂ ಮಾ, ಇದನ್ನ ಹಾಕ್ಕೊಂಡ್ರೆ ನಾಳೆ ಪಿಳ್ಳೆಗಳು ಕೇಳ್ತವೆ, ಇದೇನಮ್ಮ ಅಂತ. ಏನು ಸೊಲ್ಲಲಿ ನಾನು?"

"ಬೊಟ್ಟು ಬೇಡ. ಆಯ್ತು," ಎಂದು ಅಕ್ಕಯಮ್ಮ ಅದನ್ನು ವಾಪಸು ಸೆರಗಿಗೆ ಕಟ್ಟಿದರು. ಆ ವೇಗ ನೋಡಿ ನಾನು ಬೆರಗಾದೆ. ಪಳಗಿದ ವ್ಯಾಪಾರಿ ಮಾತ್ರ ಅಷ್ಟು ಬೇಗ ಒಂದು ವಸ್ತುವನ್ನು ಬಿಟ್ಟುಕೊಡುತ್ತಾನೆ.

ನಾನು ಬಾಯಿ ಹಾಕಿದೆ. "ನೋಡಮ್ಮ ವಸಂತಿ, ಎಲ್ಲ ಮಕ್ಕಳಿಗೂ ತಾಯಿ ಕಡೆ ಅಜ್ಜಿ ತಾತ ಇರ್ತಾರೆ. ನಿನ್ನ ಮಕ್ಕಳು ಕೇಳಿದ್ರೆ ಯಾರನ್ನ ತೋರಿಸ್ತೀಯ? ಇವರನ್ನ ನಿನ್ನ ಅಪ್ಪ ಅಮ್ಮ ಅಂತ ತೋರಿಸು. ಸತ್ತವಳ ಹೆಸರು ಈ ಮನೆಯಲ್ಲಿ ಬರಲ್ಲ, ಅದು ನನ್ನ ಜವಾಬ್ದಾರಿ."

"ಸುಳ್ಳು ಹೇಳಿಕೊಂಡು ಎಷ್ಟು ವರ್ಷ, ಸಾರ್?" ಎಂದ ಮೋಹನ.

"ಸುಳ್ಳೆಲ್ಲಿ ಬಂತು ಮೋಹನಪ್ಪ?" ಅಕ್ಕಯಮ್ಮ ತಿರುಗಿ ಕೇಳಿದರು. "ನನ್ ಮಗಳು ಬಿಟ್ಟೋದ ಜಾಗಕ್ಕೆ ಬಂದೋಳು ನನ್ ಮಗಳೇ. ನಾನು ಕಟ್ಟಿದ ಮಾತಲ್ಲ, ನಮ್ಮತ್ತೆ ಕಾಲದಿಂದ ನಡ್ಕೊಂಡ್ ಬಂದೈತೆ. ಬಾಯಿ ತುಂಬ ಹೇಳ್ತೀನಿ, ಇವಳು ನನ್ ಮಗಳು ಅಂತ."

ಹಾಗೆ ಕುದುರಿತು. ವರ್ಷಕ್ಕೊಮ್ಮೆ, ಡಿಸೆಂಬರಿನ ರಜೆಯಲ್ಲಿ, ವಸಂತಿಯ ತಾಯಿ ತಂದೆಯಾಗಿ ಬರುವುದು. ಪದ್ಮ ಎಂಬ ಹೆಸರು ಎತ್ತಕೂಡದು. ಪಾಪಣ್ಣನವರು ಒಂದೇ ಸಲ ಬಾಯಿ ತೆರೆದರು. "ಪೋಟೋನಾದ್ರೂ ನಮಗೆ ಕೊಟ್..." ಅಕ್ಕಯಮ್ಮ ಅವರ ಮಂಡಿಯ ಮೇಲೆ ಕೈಯಿಟ್ಟರು.

ಚೆನ್ನೈಯ ಚಳಿಗಾಲವೆಂದರೆ ಫ್ಯಾನಿನ ವೇಗ ಒಂದು ಗುಂಡಿ ಕಡಿಮೆ ಮಾಡುವುದು, ಅಷ್ಟೇ. ಆ ಹವೆಗೆ ಅಕ್ಕಯಮ್ಮ ಮಕ್ಕಳಿಗೆ ಕುಲಾವಿ ಕಟ್ಟುತ್ತಿದ್ದರು. ಬೆಳಿಗ್ಗೆ ಬೀದಿಯ ಹೆಂಗಸರು ಮಾರ್ಗಳಿ ಮಾಸದ ಕೋಲ, ಅಂದರೆ ರಂಗೋಲಿ, ಹಾಕುವ ಹೊತ್ತಿಗೆ ಎದ್ದು, ಹರಳೆಣ್ಣೆ ಬೆಚ್ಚಗೆ ಮಾಡಿ, ಎರಡೂ ಮಕ್ಕಳನ್ನು ತಿಕ್ಕಿ ತೀಡಿ, ನೀರು ಹುಯ್ದು ಮಹಡಿಯ ತಾರಸಿಗೆ ಕರೆದುಕೊಂಡು ಬರುತ್ತಿದ್ದರು ತಲೆ ಒಣಗಿಸಲು. ನನ್ನ ಹೆಚ್ಚಿನ ಬಾಗಿಲುಗಳು ಅಲ್ಲೇ ಇರುತ್ತಿದ್ದವು. ಮರ ನುಣುಪಾಗಲು ಉಪ್ಪುಕಾಗದ ಉಜ್ಜುತ್ತ ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ.

ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ತಮಿಳು. "ಅಜ್ಜಿ, ಕದೈ ಸೊಲ್ಲುಂಗೊ," ಎಂದು ಕಥೆ ಕೇಳುತ್ತಿದ್ದರು. ರಾಜ ರಾಣಿಯ ಕಥೆ ಅನುವಿಗೆ ಬೇಡ. "ಅಮ್ಮ ಚಿಕ್ಕವಳಾಗಿದ್ದಾಗ ಏನು ಮಾಡ್ತಿದ್ದಳು, ಅದನ್ನ ಹೇಳು."

ಅಕ್ಕಯಮ್ಮನವರಿಗೆ ವಸಂತಿಯ ಬಾಲ್ಯ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬಳದೇ. ಅದನ್ನೇ ಹೇಳಿದರು. ನಿಮ್ಮಮ್ಮ ಪುರಿ ಮೂಟೆಯೊಳಗೆ ಇಳಿದು ನಿದ್ದೆ ಮಾಡಿಬಿಟ್ಟಿದ್ದಳು, ನಾವು ಊರೆಲ್ಲ ಹುಡುಕಿದೆವು. ನಿಮ್ಮಮ್ಮ ಮೇಷ್ಟರ ಮೇಜಿನ ಮೇಲೆ ಮೇಕೆ ಹತ್ತಿಸಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಹೆಸರೊಂದನ್ನು ಬಿಟ್ಟು ಇಡೀ ಪದ್ಮಳನ್ನು ಆ ಮುದುಕಿ ಪ್ರತಿ ಡಿಸೆಂಬರಿನಲ್ಲಿ ನನ್ನ ತಾರಸಿಯ ಬಿಸಿಲಿಗೆ ತಂದು ಕೂರಿಸುತ್ತಿದ್ದರು. ಪಾಪಣ್ಣನವರು ಮೂಲೆಯಲ್ಲಿ ಛತ್ರಿ ಬಿಚ್ಚಿ ಅದರ ಹಿಂದೆ ಮುಖವಿಟ್ಟುಕೊಂಡು ಕೂರುತ್ತಿದ್ದರು.

ವಸಂತಿ ಮೊದಮೊದಲು ಬಟ್ಟೆ ಹರವುವ ನೆಪದಲ್ಲಿ ನಿಂತು ಕೇಳುತ್ತಿದ್ದಳು. ಆಮೇಲೆ ಕೂತು ಕೇಳತೊಡಗಿದಳು. ಅತ್ತಿಗೆಯ ಪಾತ್ರೆ ತಿಕ್ಕಿದ್ದು ಬಿಟ್ಟರೆ ಅವಳಿಗೆ ಹೇಳಿಕೊಳ್ಳುವಂಥ ಬಾಲ್ಯವಿರಲಿಲ್ಲ. ಒಂದು ದಿನ ಅವಳು ನನ್ನ ಹೆಂಡತಿಯ ಹತ್ತಿರ, "ನಾನು ಚಿಕ್ಕವಳಿದ್ದಾಗ ಪುರಿ ಮೂಟೆಯಲ್ಲೇ ಮಲಗಿಬಿಡ್ತಿದ್ದೆ ಮಾಮಿ," ಎಂದು ನಗುತ್ತ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ಇದನ್ನು ಅಕ್ಕಯಮ್ಮನವರಿಗೆ ತಿಳಿಸಿದೆ. ಎಚ್ಚರಿಸುವುದು ನನ್ನ ಗುಣ.

ಅವರು ಬಹಳ ಹೊತ್ತು ಅಕ್ಕಿ ಆರಿಸಿದರು. ಆಮೇಲೆ, "ತೊಟ್ಕಳ್ಲಿ ಬಿಡಪ್ಪ," ಎಂದರು. "ತೊಡೋರಿಲ್ದೆ ಪೆಟ್ಟಿಗೇಲಿ ಮಡಗಿದ್ರೆ ಹುಳ ಹಿಡೀತದೆ."

ಊರಿಗೆ ಹೊರಡುವ ದಿನ ವಸಂತಿಗೆ ಸೀರೆ ಕುಪ್ಪಸದ ಬಟ್ಟೆ ಕೊಟ್ಟು ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬುತ್ತಿದ್ದರು. ಒಂದು ವರ್ಷ ವಸಂತಿಗೆ ಗರ್ಭ ನಿಂತು, ಆಮೇಲೆ ಇಳಿದುಹೋಗಿತ್ತು. ಆ ಡಿಸೆಂಬರಿನಲ್ಲಿ ಅಕ್ಕಯಮ್ಮ ಮಕ್ಕಳಿಗಿಂತ ಹೆಚ್ಚಾಗಿ ಅವಳನ್ನೇ ನೋಡಿಕೊಂಡರು. ಖಾರದ ಸಾರು ಮಾಡಿ, ಸೊಂಟಕ್ಕೆ ಬಟ್ಟೆ ಬಿಗಿದು, ಬೆನ್ನಿಗೆ ಬಿಸಿನೀರು ಹುಯ್ದು. ಅವಳು ಬಚ್ಚಲಲ್ಲಿ "ಅಮ್ಮಾ" ಎಂದು ಅತ್ತದ್ದು ಕೆಳಗೆ ನಮಗೆ ಕೇಳಿಸಿತು. ಅಲ್ಲಿಯವರೆಗೂ ಅವಳದು ಬರೀ ತಮಿಳರ "ಮಾ" ಆಗಿತ್ತು.

ಅನುವಿಗೆ ಎಂಟು ತುಂಬಿದ ವರ್ಷ ಅದು ಕೆಟ್ಟಿತು. ತಾರಸಿಯಲ್ಲೇ. ಅಕ್ಕಯಮ್ಮ ಕಥೆಯ ಓಟದಲ್ಲಿದ್ದರು. ಭಟ್ಟಿಯ ಬಾಣಲೆಯಲ್ಲಿ ಮರಳು ಕೆಂಪಗೆ ಕಾದಿತ್ತಂತೆ. ಪುರಿ ಅರಳುವುದನ್ನು ಹತ್ತಿರದಿಂದ ನೋಡುತ್ತೇನೆಂದು ನಿಮ್ಮಮ್ಮ ಮರಳೊಳಗೆ ಕೈಯಿಟ್ಟೇಬಿಟ್ಟಳು. ತಾತ ಎತ್ತಿಕೊಂಡು ಓಡಿದರು. ಎಡಗೈ ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಸುಟ್ಟ ಕಲೆ ಹಾಗೇ ಉಳಿಯಿತು.

ವಸಂತಿ ಪಕ್ಕದಲ್ಲೇ ಕೂತು ಮಗನ ತಲೆ ಒರೆಸುತ್ತಿದ್ದಳು. ಅನು ಎದ್ದು ಹೋಗಿ ಅವಳ ಎಡಗೈ ಹಿಡಿದು ಬಳೆ ಮೇಲಕ್ಕೆ ಸರಿಸಿ ನೋಡಿದಳು. ತಿರುಗಿಸಿ ನೋಡಿದಳು. ಬಲಗೈಯನ್ನೂ ನೋಡಿದಳು. "ಅಮ್ಮಾ, ತಳುಂಬು ಎಂಗೆ?" ಎಂದಳು. ಕಲೆ ಎಲ್ಲಿ?

ನನ್ನ ಕೈಯ ಉಪ್ಪುಕಾಗದ ನಿಂತಿತು. ಬಾಡಿಗೆ ಕೊಡಲು ಪದ್ಮ ಕೈ ಚಾಚಿದಾಗಲೆಲ್ಲ ನಾನು ಆ ಕಲೆಯನ್ನು ನೋಡಿದ್ದೆ. ಅಕ್ಕಯಮ್ಮನವರು ವಾಸಿಯಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಕಲೆಯನ್ನು ಅಳಿಸಲು ಅವರಿಗೆ ಆಗಲಿಲ್ಲ ಎಂದು ಕಾಣುತ್ತದೆ. ಅಷ್ಟರಲ್ಲಿ ಛತ್ರಿಯ ಹಿಂದಿನಿಂದ ಪಾಪಣ್ಣನವರ ಧ್ವನಿ ಬಂತು.

"ಇವಳ ಕೈಯಾಗೆ ಎಲ್ಲೈತಮ್ಮ. ಅದು ನಮ್ ಪದ್ಮನ ಕೈಯಾಗಿತ್ತು."

"ಪದ್ಮ ಯಾರು?"

ಅಕ್ಕಯಮ್ಮನವರಿಗೆ ಉಸಿರು ಬಂದದ್ದು ಆಗ. "ನಿಮ್ಮಮ್ಮನ ಅಕ್ಕ ಕಣೇ. ನಿನಗೆ ದೊಡ್ಡಮ್ಮ ಆಗ್ಬೇಕು. ನನ್ ದೊಡ್ ಮಗಳು. ಸತ್ತೋದ್ಲು. ವಯಸ್ಸಾಯ್ತಲ್ಲ, ಇಬ್ಬರದೂ ಕಲಸಿಬಿಟ್ಟೆ."

"ಇಷ್ಟು ದಿವಸ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮಮ್ಮ ಅಳ್ತಾಳೆ. ನೋಡು, ಈಗ್ಲೇ ಅಳ್ತಾವ್ಳೆ."

ವಸಂತಿ ನಿಜವಾಗಿಯೂ ಅಳುತ್ತಿದ್ದಳು. ಹೆತ್ತ ಮಗಳನ್ನು ಅವಳ ಮಕ್ಕಳಿಗೇ ದೊಡ್ಡಮ್ಮನನ್ನಾಗಿ ಮಾಡಿ, ಅಕ್ಕಯಮ್ಮ ಅನುವಿನ ಜಡೆ ಹೆಣೆಯಲು ಕೂತರು. ಮೂರು ಎಳೆಯೂ ಒಂದೇ ಸಮ ಬಿತ್ತು. ಅದನ್ನು ನಾನು ನೋಡಿದೆ.

ಮೋಹನ ಬಂದ ಮೇಲೆ ಅನುವೇ ಮೊದಲು ಕೇಳಿದ್ದು, ಪದ್ಮ ದೊಡ್ಡಮ್ಮ ಹೇಗಿದ್ದಳು ಎಂದು. ಅವನು ಕೂಗಾಡಲಿಲ್ಲ. ಕೂಗಾಡುವವನ ಜೊತೆ ಚೌಕಾಸಿ ಸುಲಭ. ಕೆಳಗೆ ಬಂದು ನಿಂತುಕೊಂಡೇ ಹೇಳಿದ: "ಇವತ್ತು ಅಕ್ಕ ಅಂತ ಹೇಳಿ ತಪ್ಪಿಸಿಕೊಂಡ್ರಿ ಅತ್ತೆ. ಇವಳು ಬುದ್ಧಿವಂತೆ. ನಾಳೆ ಇನ್ನೇನು ಕೇಳ್ತಾಳೋ. ಮಕ್ಕಳು ದೊಡ್ಡವರಾಗೋವರೆಗೂ ಬರಬೇಡಿ." ನಾನು ಒಂದು ದಿನ ಎಂದೆ, ಒಂದು ಗಂಟೆ ಎಂದೆ, ಮನೆಯಲ್ಲಿ ಬೇಡ ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿ ನೋಡಿಕೊಂಡು ಹೋಗಲಿ ಎಂದೆ. ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ಕೊಳ್ಳುವ ಮನಸ್ಸೇ ಇಲ್ಲದವನಿಗೆ ಏನನ್ನೂ ಮಾರಲಾಗದು. ಆ ರಾತ್ರಿಯ ರೈಲಿಗೇ ಇಬ್ಬರೂ ಹೊರಟರು. ಪಾಪಣ್ಣನವರು ಸ್ಟೇಷನ್ನಿನ ತನಕ ತಮ್ಮ ಬಾಯಿಯ ಮೇಲೆ ಟವೆಲ್ಲು ಒತ್ತಿ ಹಿಡಿದುಕೊಂಡಿದ್ದರು.

ಮುಂದಿನ ಡಿಸೆಂಬರಿನಲ್ಲಿ ಅಕ್ಕಯಮ್ಮ ಒಬ್ಬರೇ ಬಂದರು. ಮೇಲಕ್ಕಲ್ಲ, ನನ್ನ ಮನೆಗೆ. "ಅವರ ಬಾಯಿ ನಂಬಂಗಿಲ್ಲ, ಬಿಟ್ ಬಂದೆ," ಎಂದರು. ಅಜ್ಜಿಗೆ ಹುಷಾರಿಲ್ಲ, ಈ ಸಲ ಬರುವುದಿಲ್ಲ ಎಂದು ಮೋಹನ ಮಕ್ಕಳಿಗೆ ಹೇಳಿದ್ದ. ಅದನ್ನು ಕೇಳಿದ ಮೇಲೆ ಅವರು ನಮ್ಮ ಒಳಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಜಗಲಿಗೂ ಬರಲಿಲ್ಲ. ಮೇಲೆ ಮಕ್ಕಳು ಕುಣಿದರೆ ಸೂರು ದಡದಡ ಎನ್ನುತ್ತಿತ್ತು. "ಇದು ಕಾರ್ತಿ, ಹಿಮ್ಮಡಿ ಊರಿ ಓಡ್ತಾನೆ," ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದರು. "ಇದು ಅನು, ಬೆಕ್ಕಿನಂಗೆ." ಅಂಗಳದಲ್ಲಿ ಕ್ರಿಕೆಟ್ ಆಡುವಾಗ ಕಿಟಕಿಯ ಪಟ್ಟಿಗಳ ಸಂದಿನಿಂದ ನೋಡುತ್ತಿದ್ದರು. ಒಮ್ಮೆ ಚೆಂಡು ಆ ಕಿಟಕಿಯ ಕೆಳಗೇ ಬಂದು ಬಿತ್ತು. ಅನು ಓಡಿ ಬಂದು ಬಗ್ಗಿದಳು. ಕೈ ಚಾಚಿದರೆ ಅವಳ ಜಡೆ ಸಿಗುತ್ತಿತ್ತು. ಅಕ್ಕಯಮ್ಮ ಗೋಡೆಗೆ ಸರಿದು ನಿಂತು, ಅವಳು ಹೋಗುವವರೆಗೂ ಉಸಿರು ಬಿಡಲಿಲ್ಲ.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ವಸಂತಿ ಹಿಂದಿನ ಮೆಟ್ಟಿಲಿಂದ ಇಳಿದು ಬರುತ್ತಿದ್ದಳು. ತಂದ ಪುರಿಯನ್ನು ಅವಳ ಕೈಗೆ ಕೊಟ್ಟು, "ಅಂಗಡೀದು ಅಂತ ಹೇಳಮ್ಮ," ಎಂದರು ಅಕ್ಕಯಮ್ಮ. ರಜೆ ಮುಗಿಯುವ ಹೊತ್ತಿಗೆ ವಸಂತಿಗೇ ತಡೆಯಲಾಗಲಿಲ್ಲ. "ಅಮ್ಮಾ, ಇವರಿಗೆ ಹಗಲು ಡ್ಯೂಟಿ. ಬರೋದು ಸಾಯಂಕಾಲ. ಮಕ್ಕಳನ್ನ ಕೆಳಗೆ ಕರ್ಕೊಂಡು ಬರ್ತೀನಿ. ಅರ್ಧ ಗಂಟೆ. ಯಾರಿಗೂ ತೆರಿಯದು, ಗೊತ್ತಾಗಲ್ಲ."

ನಾನು ಬಾಗಿಲಲ್ಲೇ ಇದ್ದೆ. ಒಪ್ಪಿಕೊಳ್ಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಸಿಕ್ಕಿದ್ದನ್ನು ಮೊದಲು ಜೇಬಿಗೆ ಹಾಕಿಕೊಳ್ಳಬೇಕು, ಬಾಕಿ ಆಮೇಲೆ ಎನ್ನುವವನು ನಾನು.

"ಬೇಡ," ಎಂದರು.

"ಯಾಕಮ್ಮ?"

"ಎಂಟೊಂಬತ್ತು ವರ್ಷದ ಮಕ್ಳು. ರಾತ್ರಿ ಅನ್ನ ತಿನ್ನೋವಾಗ ಹೇಳ್ಬಿಡ್ತವೆ, ಅಜ್ಜಿ ನೋಡಿದ್ವಿ ಅಂತ. ಆಮೇಲೆ ನಿನ್ನ ಕೇಳ್ತಾನೆ, ನನ್ನಲ್ಲ. ನನ್ ಆಸೆಗೆ ನಿನ್ ಸಂಸಾರ ಕೆಡಿಸಾಕೆ ನಾನೇನು ನಿಂಗೆ ಅತ್ತೇನಾ?" ವಸಂತಿಯ ಕೆನ್ನೆ ಒರೆಸಿ ಮುಂದುವರಿಸಿದರು. "ಒಬ್ಬಳನ್ನ ಕಳ್ಕೊಂಡಿವ್ನಿ. ಸಾಕು."

ಇದು ನಷ್ಟದ ವ್ಯಾಪಾರ ಎಂದು ನಾನು ಆಗ ಮುಖದ ಮೇಲೇ ಹೇಳಿದೆ. ಈಗಲೂ ಹಾಗೆಯೇ ಹೇಳುತ್ತೇನೆ. ಅವರು ಹೊರಡುವ ದಿನ ಒಳಕೋಣೆಯಲ್ಲೇ ವಸಂತಿಯ ಮಡಿಲು ತುಂಬಿ, ಮಕ್ಕಳು ಬೀಚಿಗೆ ಹೋಗಿದ್ದ ಹೊತ್ತು ನೋಡಿ ಆಟೋ ಹತ್ತಿದರು. ನಾನು ಅವರನ್ನು ಜೀವಂತವಾಗಿ ಕಂಡದ್ದು ಅದೇ ಕೊನೆ.

ಮರುವರ್ಷ ಆಷಾಢದಲ್ಲಿ ಪಾಪಣ್ಣನವರ ಫೋನು ನನ್ನ ಅಂಗಡಿಗೆ ಬಂತು. ಭಟ್ಟಿಯ ಮುಂದೆ ಕೂತ ಅಕ್ಕಯಮ್ಮ ಕೂತಲ್ಲೇ ಒರಗಿದ್ದರಂತೆ. ಮಕ್ಕಳಿಗೆ ಶಾಲೆಯಿದೆ ಎಂದ ಮೋಹನ. ವಸಂತಿ ಅವನನ್ನು ಏನೂ ಕೇಳದೆ ಚಪ್ಪಲಿ ಮೆಟ್ಟಿ ನನ್ನ ಜೊತೆ ಹೊರಟಳು. ನಾವು ಹೋಗುವ ಹೊತ್ತಿಗೆ ಅಂಗಳದಲ್ಲಿ ಮಲಗಿಸಿದ್ದರು. ಪರವೂರಿನ ಹೆಂಗಸೊಬ್ಬಳು ತಲೆಯ ಬಳಿ ಕೂತು ಎದೆ ಬಡಿದುಕೊಂಡು ಅಳುವುದನ್ನು ಕಂಡು ಬೀದಿಯ ಹೆಂಗಸರು, ಇವಳ್ಯಾರು ಎಂದು ಪಾಪಣ್ಣನವರನ್ನು ಕೇಳಿದರು.

"ನಮ್ ಎರಡನೇ ಮಗಳು," ಎಂದರು ಪಾಪಣ್ಣನವರು.

ಆ ಡಿಸೆಂಬರಿನ ರಜೆ ಬಂತು. ಅಜ್ಜಿ ಸತ್ತುಹೋದರೆಂದು ಮಕ್ಕಳಿಗೆ ಹೇಳಿದ್ದರು. ಒಂದು ಬೆಳಿಗ್ಗೆ ನಾನು ತಾರಸಿಯಲ್ಲಿ ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದೆ. ಅನು ಬಂದು ಪಕ್ಕದಲ್ಲಿ ನಿಂತಳು. ಹತ್ತು ವರ್ಷದ ಹುಡುಗಿ. ಪದ್ಮಳ ಹಾಗೆಯೇ ಹುಬ್ಬು ಗಂಟಿಕ್ಕಿಕೊಂಡು ಸ್ವಲ್ಪ ಹೊತ್ತು ಕೆಲಸ ನೋಡಿದಳು.

"ಅಂಕಲ್, ನೀವು ಅಜ್ಜಿ ಊರಿನವರು ತಾನೇ?" ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. "ಪದ್ಮ ದೊಡ್ಡಮ್ಮ ನೋಡೋಕೆ ಹೇಗಿದ್ದರು? ಅಮ್ಮನ್ನ ಕೇಳಿದ್ರೆ ಅಳ್ತಾಳೆ. ಅಪ್ಪ ಎದ್ದು ಹೋಗ್ತಾರೆ."

ಕೆಳಗೆ ವಸಂತಿ ಮಗನನ್ನು ಊಟಕ್ಕೆ ಕೂಗುತ್ತಿದ್ದಳು.

"ನಾನು ಅವಳನ್ನ ನೋಡಿಲ್ಲಮ್ಮ," ಎಂದೆ.